ಜರುಗಿಸಿ, ತಿರುಗಿಸಿ, ಮಗುಚಿ: ಸರ್ವಸಮ ಆಕೃತಿಗಳನ್ನು ಮಕ್ಕಳಿಗೆ ಕಲಿಸುವ ಕ್ರಮ

ಆಯತಾಕಾರದ ಒಂದು ಕಾಗದವನ್ನು ಕರ್ಣದ ಗುಂಟ ಮಡಚಿದರೆ ಅದರ ಎರಡು ಅರ್ಧಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆಯೇ ಎಂದು ಎಂಟೊಂಬತ್ತು ವರ್ಷದ ಮಕ್ಕಳನ್ನು ಕೇಳಿ ನೋಡಿ; ಹೆಚ್ಚಿನವರು ಯೋಚಿಸುವ ಮೊದಲೇ ಹೌದು ಎಂದುಬಿಡುತ್ತಾರೆ. ಮಡಚಿದಾಗ ಮಾತ್ರ ಮೂಲೆಗಳು ಆಚೀಚೆ ಚಾಚಿಕೊಂಡು ಅಣಕಿಸುತ್ತವೆ. ಅದೇ ಕಾಗದವನ್ನು ಅದೇ ಕರ್ಣದ ಮೇಲೆ ಕತ್ತರಿಸಿ, ಒಂದು ತುಂಡನ್ನು ಮೇಜಿನ ಮೇಲೆಯೇ ಅರ್ಧ ಸುತ್ತು ತಿರುಗಿಸಿ ಇನ್ನೊಂದರ ಮೇಲಿಟ್ಟರೆ ಎರಡೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಹೊಂದಿಕೊಳ್ಳುತ್ತವೆ. ಅಂದರೆ ಆ ಎರಡು ತ್ರಿಭುಜಗಳು ಸರ್ವಸಮವೇ. ಮಗು ತಪ್ಪಿದ್ದು ಅವುಗಳನ್ನು ಕೂಡಿಸುವ ಚಲನೆ ಯಾವುದು ಎಂಬಲ್ಲಿ.

ಸರ್ವಸಮತೆಯನ್ನು ಒಂದು ಅಧ್ಯಾಯವಾಗಿಯೂ ಜ್ಯಾಮಿತೀಯ ಪರಿವರ್ತನೆಗಳನ್ನು ಇನ್ನೊಂದು ಅಧ್ಯಾಯವಾಗಿಯೂ ಕಲಿಸುವುದು ವಾಡಿಕೆ. ನನ್ನ ಅನುಭವದಲ್ಲಿ ಮಕ್ಕಳ ಗೊಂದಲಗಳಲ್ಲಿ ಅರ್ಧದಷ್ಟು ಈ ವಿಭಜನೆಯಿಂದಲೇ ಹುಟ್ಟುತ್ತವೆ. ಎರಡು ಆಕೃತಿಗಳು ಸರ್ವಸಮ ಎನ್ನುವುದಕ್ಕೆ ಅರ್ಥ ಇಷ್ಟೇ: ಹಿಗ್ಗಿಸದೆ, ಕುಗ್ಗಿಸದೆ, ಬಾಗಿಸದೆ ಒಂದನ್ನು ಒಯ್ದು ಇನ್ನೊಂದರ ಮೇಲೆ ಪೂರ್ತಿ ಕೂರಿಸಬಹುದು. ಹಾಗೆ ಒಯ್ಯುವ ಬಗೆಗಳೇ ಪರಿವರ್ತನೆಗಳು. ಕ್ರಿಸ್ತಪೂರ್ವ 300ರ ಸುಮಾರಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಸಂಪುಟದ ನಾಲ್ಕನೆಯ ಪ್ರಮೇಯವನ್ನು ಸಾಧಿಸಿದ್ದೂ ಒಂದು ತ್ರಿಭುಜವನ್ನು ಇನ್ನೊಂದರ ಮೇಲೆ ಇರಿಸಿದಂತೆ ಕಲ್ಪಿಸಿಕೊಂಡೇ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಎರಡನ್ನೂ ಒಂದೇ ಪಾಠವಾಗಿ, ಕೈಕೆಲಸದಿಂದ ಆರಂಭಿಸಿ ಹೆಸರುಗಳಲ್ಲಿ ಕೊನೆಗಾಣುವಂತೆ, ಹೆಜ್ಜೆಹೆಜ್ಜೆಯಾಗಿ ವಿವರಿಸಿದ್ದೇನೆ. ಮೊದಲೆರಡು ಹೆಜ್ಜೆಗಳನ್ನು ಆರೇಳು ವರ್ಷದ ಮಕ್ಕಳೊಂದಿಗೂ ಮಾಡಬಹುದು. ಚೌಕಳಿ ಕಾಗದ ಬೇಕಾಗುವ ಕೆಲಸಗಳಿಗೆ ಎಂಟು ವರ್ಷ ದಾಟಿರುವುದು ಒಳ್ಳೆಯದು. ತ್ರಿಭುಜಗಳು ಸರ್ವಸಮವಾಗುವ ನಿಬಂಧನೆಗಳನ್ನೂ, ಬಿಂದುವಿನ ಸ್ಥಾನವನ್ನು ಸಂಖ್ಯೆಗಳಲ್ಲಿ ಹೇಳುವ ನಿರ್ದೇಶಾಂಕಗಳನ್ನೂ ಹನ್ನೊಂದರ ನಂತರಕ್ಕೆ ಇಟ್ಟುಕೊಳ್ಳಿ.

ಮೊದಲು ಕೂಡಿಸಿಟ್ಟುಕೊಳ್ಳಬೇಕಾದವು

ಒಂದು ಸೆಂಟಿಮೀಟರ್ ಚೌಕಗಳಿರುವ ಕಾಗದ, ದಪ್ಪ ರಟ್ಟು, ಕತ್ತರಿ, ಅಡಿಯ ಗೆರೆ ಕಾಣುವಷ್ಟು ತೆಳುವಾದ ಅಚ್ಚುಕಾಗದ ಅಥವಾ ಪಾರದರ್ಶಕ ಹಾಳೆ, ಒಂದು ಗುಂಡುಪಿನ್ನು, ಅಂಚಿಗೆ ಚೌಕಟ್ಟಿಲ್ಲದ ಚಿಕ್ಕ ಕನ್ನಡಿ, ಸಮ ಉದ್ದದ ಹತ್ತಾರು ಕಡ್ಡಿಗಳು, ಒಂದು ಕೈವಾರ ಇದ್ದರೆ ಸಾಕು.

ಇವುಗಳಲ್ಲಿ ರಟ್ಟಿನ ವಿಷಯಕ್ಕೆ ಮಾತ್ರ ಒಂದು ಎಚ್ಚರಿಕೆ ಅಗತ್ಯ, ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ಒಂದು ಬದಿಗೆ ಮಾತ್ರ ಬಣ್ಣವಿದ್ದ ರಟ್ಟಿನಿಂದ ಆಕೃತಿಗಳನ್ನು ಕತ್ತರಿಸಿ ಕೊಟ್ಟಿದ್ದೆ. ಒಂದು ತುಂಡನ್ನು ಮಗುಚಿ ಇನ್ನೊಂದರ ಮೇಲೆ ಸರಿಯಾಗಿ ಕೂರಿಸಿದ ಹುಡುಗಿಯೊಬ್ಬಳು ತುಸು ಹೊತ್ತು ಅದನ್ನೇ ನೋಡಿ, ಇದು ಬಿಳಿ, ಅದು ನೀಲಿ, ಹಾಗಾಗಿ ಎರಡೂ ಒಂದೇ ಅಲ್ಲ ಎಂದು ತೀರ್ಪು ಕೊಟ್ಟಳು. ಅವಳ ತರ್ಕದಲ್ಲಿ ದೋಷವಿರಲಿಲ್ಲ. ನಾನು ಕೊಟ್ಟ ಸಾಮಗ್ರಿಯೇ ಬಣ್ಣವನ್ನು ಗಮನಿಸು ಎಂದು ಅವಳಿಗೆ ಹೇಳುತ್ತಿತ್ತು. ಆರಂಭದ ದಿನಗಳಲ್ಲಿ ಎರಡೂ ಬದಿ ಒಂದೇ ಬಣ್ಣವಿರುವ ರಟ್ಟನ್ನೇ ಬಳಸಿ. ಎರಡು ಬಣ್ಣದ ರಟ್ಟು ಮುಂದೆ, ಮಗುಚುವ ಪಾಠ ಬಂದಾಗ, ಬಹಳ ಉಪಯೋಗಕ್ಕೆ ಬರುತ್ತದೆ, ಅಲ್ಲಿಯವರೆಗೆ ಎತ್ತಿಡಿ.

ಹೆಜ್ಜೆ 1: ‘ಒಂದೇ’ ಎಂಬ ಮಾತನ್ನು ಬಿಡಿಸಿ ನೋಡುವುದು

ಪಾಠದ ಮೊದಲ ಅಡ್ಡಿ ಗಣಿತದ್ದಲ್ಲ, ಮಾತಿನದು. ಎರಡು ಆಕೃತಿಗಳು ‘ಒಂದೇ’ ಎಂದಾಗ ಮಗುವಿನ ಮನಸ್ಸಿನಲ್ಲಿ ಹಲವು ಅರ್ಥಗಳು ಒಟ್ಟಿಗೆ ಸುಳಿಯುತ್ತವೆ: ಎರಡೂ ತ್ರಿಭುಜಗಳು, ಎರಡೂ ಕೆಂಪು, ಎರಡೂ ದೊಡ್ಡವು, ಎರಡೂ ಒಂದೇ ದಿಕ್ಕಿಗೆ ಮುಖಮಾಡಿವೆ. ಇವುಗಳಲ್ಲಿ ಯಾವುದೂ ನಮಗೆ ಬೇಕಾದ ಅರ್ಥವಲ್ಲ.

ರಟ್ಟಿನಿಂದ ಎಂಟು ಹತ್ತು ತುಂಡುಗಳನ್ನು ಕತ್ತರಿಸಿ ಮೇಜಿನ ಮೇಲೆ ಬೇಕೆಂದೇ ಓರೆಕೋರೆಯಾಗಿ ಹರಡಿ. ಅವುಗಳಲ್ಲಿ ಮೂರು ಜೋಡಿಗಳು ಸರ್ವಸಮವಾಗಿರಲಿ. ಒಂದು ಜೋಡಿ ಒಂದೇ ಆಕಾರದ್ದಾಗಿದ್ದು ಗಾತ್ರದಲ್ಲಿ ಬೇರೆಯಾಗಿರಲಿ. ಇನ್ನೊಂದು ಜೋಡಿ ಗಾತ್ರದಲ್ಲಿ ಹತ್ತಿರವಿದ್ದು ಆಕಾರದಲ್ಲಿ ತುಸು ಬೇರೆಯಾಗಿರಲಿ. ಕಣ್ಣಿಂದಲೇ ಜೋಡಿಗಳನ್ನು ಊಹಿಸಲು ಹೇಳಿ, ಊಹೆಯನ್ನು ಬರೆದಿಡಿಸಿ, ಅನಂತರವೇ ತುಂಡುಗಳನ್ನು ಎತ್ತಿ ಒಂದರ ಮೇಲೊಂದು ಇಟ್ಟು ನೋಡಲು ಬಿಡಿ. ಊಹೆ ಮೊದಲು, ಪರೀಕ್ಷೆ ಆಮೇಲೆ ಎಂಬ ಈ ಕ್ರಮವನ್ನು ಮುಂದಿನ ಎಲ್ಲ ಹೆಜ್ಜೆಗಳಲ್ಲೂ ಬಿಡಬೇಡಿ. ಊಹೆ ತಪ್ಪಾದಾಗ ಮಗು ತನ್ನ ತುಂಡನ್ನು ದಿಟ್ಟಿಸಿ ನೋಡುವ ಆ ಕ್ಷಣದಲ್ಲಿ ನೀವು ಮಾತಾಡದಿರುವುದೇ ಉತ್ತಮ ಬೋಧನೆ.

ಈ ಆಟದಲ್ಲಿ ಓರೆಯಾಗಿಟ್ಟ ಚೌಕವೊಂದು ಖಂಡಿತ ಇರಲಿ. ಮೂಲೆಯ ಮೇಲೆ ನಿಂತ ಚೌಕವನ್ನು ಮಕ್ಕಳು ‘ವಜ್ರ’ ಎಂದು ಕರೆದು, ಅದು ಚೌಕವೇ ಅಲ್ಲ ಎಂದು ವಾದಿಸುವುದು ಸಾಮಾನ್ಯ. ನೆದರ್ಲೆಂಡ್ಸಿನ ಪಿಯರ್ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ ಗೆಲ್ಡಾಫ್ ದಂಪತಿ 1957ರಲ್ಲಿ ಸಲ್ಲಿಸಿದ ಸಂಶೋಧನಾ ಪ್ರಬಂಧಗಳಲ್ಲಿ ಜ್ಯಾಮಿತಿಯ ಚಿಂತನೆಗೆ ಹಂತಗಳಿವೆ ಎಂದು ತೋರಿಸಿದರು. ಮೊದಲ ಹಂತದ ಮಗು ಆಕೃತಿಯನ್ನು ಅದರ ಒಟ್ಟು ತೋರಿಕೆಯಿಂದ ಗುರುತಿಸುತ್ತದೆ, ಗುಣಗಳಿಂದಲ್ಲ. ತಿದ್ದಿ ಹೇಳಿದರೆ ಈ ಹಂತ ದಾಟುವುದಿಲ್ಲ. ‘ವಜ್ರ’ವನ್ನು ಮಗುವಿನ ಕೈಗೇ ಕೊಟ್ಟು ನಿಧಾನವಾಗಿ ತಿರುಗಿಸಲು ಹೇಳಿ, ಯಾವ ಘಳಿಗೆಗೆ ಅದು ಚೌಕವಾಯಿತು ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಹುಡುಕುವ ಹೊತ್ತಿಗೆ ಮಗುವೇ ನಗತೊಡಗುತ್ತದೆ.

ವಿಸ್ತೀರ್ಣ ಸಮವಾದರೆ ಸರ್ವಸಮ ಎಂಬ ಇನ್ನೊಂದು ನಂಬಿಕೆ ತುಸು ದೊಡ್ಡ ಮಕ್ಕಳಲ್ಲಿ ಬೇರೂರಿರುತ್ತದೆ. ಅದಕ್ಕೆ ಟ್ಯಾಂಗ್ರಾಮ್ ಒಗಟಿನ 7 ತುಂಡುಗಳಿಗಿಂತ ಚೊಕ್ಕ ಮದ್ದು ನನಗೆ ಕಂಡಿಲ್ಲ. ಅದರಲ್ಲಿರುವ ಎರಡು ದೊಡ್ಡ ತ್ರಿಭುಜಗಳು ಪರಸ್ಪರ ಸರ್ವಸಮ, ಎರಡು ಚಿಕ್ಕ ತ್ರಿಭುಜಗಳೂ ಹಾಗೆಯೇ. ಆದರೆ ಮಧ್ಯಮ ತ್ರಿಭುಜ, ಚೌಕ ಮತ್ತು ಸಮಾಂತರ ಚತುರ್ಭುಜ ಈ ಮೂರನ್ನೂ ಎರಡೆರಡು ಚಿಕ್ಕ ತ್ರಿಭುಜಗಳಿಂದ ಮುಚ್ಚಬಹುದು. ಮೂರರ ವಿಸ್ತೀರ್ಣವೂ ಒಂದೇ, ಆದರೂ ಯಾವುದೂ ಇನ್ನೊಂದರ ಮೇಲೆ ಕೂರುವುದಿಲ್ಲ. ಇದನ್ನು ಮಗು ಕೈಯಾರೆ ಮುಚ್ಚಿ ನೋಡಿದ ಮೇಲೆ ‘ಅಷ್ಟೇ ಜಾಗ ಹಿಡಿಯುತ್ತದೆ’ ಮತ್ತು ‘ಅದರ ಮೇಲೆಯೇ ಕೂರುತ್ತದೆ’ ಎಂಬ ಎರಡು ಮಾತುಗಳು ತಾವಾಗಿಯೇ ಬೇರೆಯಾಗುತ್ತವೆ.

ಇಷ್ಟಾದ ಬಳಿಕ ‘ಸರ್ವಸಮ’ ಎಂಬ ಪದವನ್ನು ಹೇಳಿ. ಅದಕ್ಕಿಂತ ಮೊದಲು ಬೇಡ. ಒಂದೇ ಆಕಾರವಿದ್ದು ಗಾತ್ರ ಬೇರೆಯಾದ ಜೋಡಿಗೆ ‘ಸಮರೂಪ’ ಎಂದು ಹೆಸರು ಎಂಬುದನ್ನೂ ಇಲ್ಲಿಯೇ ತಿಳಿಸಿ ಮುಂದೆ ಸಾಗಿ. ಅದು ಬೇರೆಯೇ ಪಾಠ.

ಹೆಜ್ಜೆ 2: ಜರುಗಿಸುವುದು

ಮೂರು ಚಲನೆಗಳಲ್ಲಿ ಇದು ಸುಲಭದ್ದು. ಆಕೃತಿ ತಿರುಗದೆ, ವಾಲದೆ, ನೇರವಾಗಿ ಒಂದು ದಿಕ್ಕಿಗೆ ಇಂತಿಷ್ಟು ದೂರ ಸಾಗುತ್ತದೆ. ಅದರ ಪ್ರತಿಯೊಂದು ಬಿಂದುವೂ ಅದೇ ದಿಕ್ಕಿಗೆ ಅಷ್ಟೇ ದೂರ ಸಾಗಿರುತ್ತದೆ. ಪಠ್ಯದ ಭಾಷೆಯಲ್ಲಿ ಇದು ಸ್ಥಾನಾಂತರ.

ಚೌಕಳಿ ಕಾಗದದ ಮೇಲೆ 3 ಚೌಕ ಅಗಲದ ಒಂದು ಆಕೃತಿಯನ್ನು ಬರೆದು, ಅದನ್ನು ಬಲಕ್ಕೆ 5 ಚೌಕ ಜರುಗಿಸಿ ಬರೆಯಲು ಹೇಳಿ. ತರಗತಿಯಲ್ಲಿ ಹಲವರು ಮೂಲ ಆಕೃತಿಗೂ ಹೊಸ ಆಕೃತಿಗೂ ನಡುವೆ 5 ಖಾಲಿ ಚೌಕಗಳನ್ನು ಬಿಟ್ಟಿರುತ್ತಾರೆ. ಹಾಗೆ ಮಾಡಿದರೆ ಆಕೃತಿ ಸಾಗಿದ್ದು 5 ಅಲ್ಲ, 8 ಚೌಕ. ಈ ತಪ್ಪಿಗೆ ಕಾರಣ ಸರಳ: ಮಗು ಆಕೃತಿಗಳ ನಡುವಿನ ಸಂದನ್ನು ಎಣಿಸುತ್ತಿದೆ, ಆಕೃತಿಯ ಪಯಣವನ್ನಲ್ಲ. ಒಂದು ಶೃಂಗಕ್ಕೆ, ಅಂದರೆ ಮೂಲೆಗೆ, ಬಣ್ಣದ ಚುಕ್ಕೆ ಇಡಿಸಿ, ಆ ಚುಕ್ಕೆ ಮಾತ್ರ ಒಂದು, ಎರಡು, ಮೂರು ಎಂದು ಹೆಜ್ಜೆಯಿಡಲಿ. ಚುಕ್ಕೆ ನಿಂತಲ್ಲಿಂದ ಆಕೃತಿಯನ್ನು ಮತ್ತೆ ಕಟ್ಟಲಿ. ಅನಂತರ ಇನ್ನೊಂದು ಶೃಂಗವನ್ನು ಆರಿಸಿ ಎಣಿಸಿದರೂ 5 ಬರುವುದನ್ನು ಮಗುವೇ ಖಚಿತಪಡಿಸಿಕೊಳ್ಳಲಿ. ಇಷ್ಟು ಸಾಕು, ಇಲ್ಲಿ ಹೆಚ್ಚು ದಿನ ತಂಗುವ ಅಗತ್ಯವಿಲ್ಲ.

ಹೆಜ್ಜೆ 3: ತಿರುಗಿಸುವುದು

ತಿರುಗಿಸುವುದಕ್ಕೆ, ಅಂದರೆ ಪರಿಭ್ರಮಣಕ್ಕೆ, ಮೂರು ಸಂಗತಿಗಳನ್ನು ಹೇಳಲೇಬೇಕು: ಯಾವ ಬಿಂದುವಿನ ಸುತ್ತ, ಎಷ್ಟು ಕೋನ, ಯಾವ ಕಡೆಗೆ. ಮಕ್ಕಳು ಕೋನವನ್ನೂ ಕಡೆಯನ್ನೂ ಬೇಗ ಹಿಡಿಯುತ್ತಾರೆ, ಗಡಿಯಾರದ ಮುಳ್ಳಿನ ನೆರವು ಇದ್ದೇ ಇದೆ. ಮರೆಯುವುದು ಕೇಂದ್ರವನ್ನು. ಆಕೃತಿ ತನ್ನ ಹೊಟ್ಟೆಯ ಸುತ್ತಲೇ ತಿರುಗುತ್ತದೆ ಎಂಬುದು ಅವರ ಹೇಳದ ನಂಬಿಕೆ.

ಆದ್ದರಿಂದ ಗುಂಡುಪಿನ್ನನ್ನು ಹೊರತೆಗೆಯಿರಿ. ಚೌಕಳಿ ಕಾಗದದ ಮೇಲೆ ಬರೆದ ಆಕೃತಿಯ ಮೇಲೆ ಅಚ್ಚುಕಾಗದವನ್ನು ಹಾಸಿ ಆಕೃತಿಯನ್ನು ನಕಲಿಸಲಿ, ಅಚ್ಚುಕಾಗದದ ಮೇಲೆ ನೇರ ಮೇಲಕ್ಕೆ ಒಂದು ಬಾಣವನ್ನೂ ಎಳೆಯಲಿ. ಕೇಂದ್ರವೆಂದು ಆರಿಸಿದ ಬಿಂದುವಿನಲ್ಲಿ ಪಿನ್ನು ಚುಚ್ಚಿ ಮೇಲಿನ ಕಾಗದವನ್ನು ತಿರುಗಿಸಿದರೆ, ಬಾಣ ಬಲಕ್ಕೆ ತಿರುಗಿದಾಗ ಪ್ರದಕ್ಷಿಣವಾಗಿ 90 ಡಿಗ್ರಿ, ಕೆಳಕ್ಕೆ ಬಂದಾಗ 180 ಡಿಗ್ರಿ ಆಗಿರುತ್ತದೆ. ಬಾಣವಿಲ್ಲದೆ ಈ ಕೆಲಸ ಮಾಡಿಸಬೇಡಿ. ಕೋನ ಎಷ್ಟಾಯಿತು ಎಂಬ ಜಗಳ ಮುಗಿಯುವುದೇ ಇಲ್ಲ.

ಇದೇ ಆಕೃತಿಯನ್ನು ಮೂರು ಸಲ ತಿರುಗಿಸಲು ಹೇಳಿ: ಮೊದಲು ಪಿನ್ನು ಆಕೃತಿಯ ನಡುವೆ, ಅನಂತರ ಒಂದು ಶೃಂಗದ ಮೇಲೆ, ಕೊನೆಗೆ ಆಕೃತಿಯ ಹೊರಗೆ ಎಲ್ಲೋ ದೂರದಲ್ಲಿ. ಕೋನ ಮೂರೂ ಸಲ 90 ಡಿಗ್ರಿಯೇ ಇರಲಿ. ಮೂರು ಸಲವೂ ಆಕೃತಿ ಒಂದೇ ಬಗೆಯಲ್ಲಿ ವಾಲಿರುತ್ತದೆ, ಆದರೆ ಬೇರೆಬೇರೆ ಕಡೆ ಹೋಗಿ ನಿಂತಿರುತ್ತದೆ. ಪಿನ್ನಿನಿಂದ ಪ್ರತಿ ಶೃಂಗದ ದೂರವನ್ನು ತಿರುಗಿಸುವ ಮೊದಲೂ ಆಮೇಲೂ ಅಳೆಸಿದರೆ, ಅದು ಬದಲಾಗಿಲ್ಲವೆಂಬುದು ಗೊತ್ತಾಗಿ, ಪ್ರತಿ ಶೃಂಗವೂ ತನ್ನದೇ ವೃತ್ತದ ಮೇಲೆ ಓಡುತ್ತಿದೆ ಎಂಬ ಚಿತ್ರ ಮನಸ್ಸಿಗೆ ಇಳಿಯುತ್ತದೆ.

ಕಾಗದವಿಲ್ಲದೆ ಮನಸ್ಸಿನಲ್ಲೇ ತಿರುಗಿಸುವ ಅಭ್ಯಾಸವನ್ನೂ ಇಲ್ಲಿ ಆರಂಭಿಸಬಹುದು. ಆದರೆ ಆತುರ ಬೇಡ. ಮನೋವಿಜ್ಞಾನಿಗಳಾದ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ಚಿತ್ರಗಳು ಒಂದೇ ವಸ್ತುವಿನವೇ ಎಂದು ಹೇಳಲು ವಯಸ್ಕರು ತೆಗೆದುಕೊಂಡ ಸಮಯ ಆ ಚಿತ್ರಗಳ ನಡುವಣ ತಿರುವಿನ ಕೋನ ಹೆಚ್ಚಿದಂತೆ ಸಮಪ್ರಮಾಣದಲ್ಲಿ ಹೆಚ್ಚುತ್ತ ಹೋಯಿತು. ಮನಸ್ಸು ಕೂಡ ವಸ್ತುವನ್ನು ನಿಜವಾಗಿ ತಿರುಗಿಸಿದಂತೆಯೇ ನಡೆದುಕೊಳ್ಳುತ್ತದೆ. ದೊಡ್ಡ ತಿರುವಿಗೆ ಮಗು ಹೆಚ್ಚು ಹೊತ್ತು ತೆಗೆದುಕೊಂಡರೆ ಅದು ಮಂದಬುದ್ಧಿಯ ಲಕ್ಷಣವಲ್ಲ. ಕೆಲಸವೇ ಅಷ್ಟು ಉದ್ದದ್ದು.

ಹೆಜ್ಜೆ 4: ಮಗುಚುವುದು

ಇಡೀ ಪಾಠದಲ್ಲಿ ಹೆಚ್ಚು ಸಮಯ ಬೇಡುವ ಹೆಜ್ಜೆ ಇದು. ಜರುಗಿಸುವಾಗಲೂ ತಿರುಗಿಸುವಾಗಲೂ ತುಂಡು ಮೇಜನ್ನು ಬಿಟ್ಟು ಏಳುವುದಿಲ್ಲ. ಮಗುಚುವುದಕ್ಕೆ ಅದನ್ನು ಎತ್ತಲೇಬೇಕು. ಈ ಒಂದು ವ್ಯತ್ಯಾಸದಿಂದಲೇ ಮಕ್ಕಳಿಗೆ ಇದು ಬೇರೆ ಜಾತಿಯ ಚಲನೆಯೆಂದು ಅನ್ನಿಸುತ್ತದೆ, ಮತ್ತು ಆ ಅನಿಸಿಕೆ ಸರಿಯಾದದ್ದೇ.

ಮೊದಲ ಕೆಲಸ ಕನ್ನಡಿಯದು. ಕಾಗದದ ಮೇಲೊಂದು ಗೆರೆ ಎಳೆದು, ಒಂದು ಬದಿಗೆ ಅಡ್ಡಾದಿಡ್ಡಿ ಆಕೃತಿಯೊಂದನ್ನು ಬರೆದು, ಪ್ರತಿಬಿಂಬ ಎಲ್ಲಿ, ಹೇಗೆ ಬರುತ್ತದೆಂದು ಇನ್ನೊಂದು ಬದಿಗೆ ಊಹಿಸಿ ಬರೆಸಿ. ಆಮೇಲೆ ಕನ್ನಡಿಯನ್ನು ಗೆರೆಯ ಮೇಲೆ ನಿಲ್ಲಿಸಿ ನೋಡಲಿ. ಕನ್ನಡಿ ತೋರಿಸುತ್ತದೆ, ಆದರೆ ಕಾರಣ ಹೇಳುವುದಿಲ್ಲ; ಕಾರಣಕ್ಕೆ ಎರಡನೆಯ ಕೆಲಸ ಬೇಕು. ಕಾಗದವನ್ನು ಅದೇ ಗೆರೆಯ ಮೇಲೆ ಮಡಚಿ, ಆಕೃತಿಯ ಪ್ರತಿ ಶೃಂಗದಲ್ಲೂ ಪಿನ್ನಿನಿಂದ ಎರಡೂ ಪದರ ದಾಟುವಂತೆ ಚುಚ್ಚಲಿ. ಬಿಡಿಸಿ ಬೆಳಕಿಗೆ ಹಿಡಿದರೆ ರಂಧ್ರಗಳು ಜೋಡಿಜೋಡಿಯಾಗಿ ಹೊಳೆಯುತ್ತವೆ. ಒಂದೊಂದು ಜೋಡಿಯನ್ನು ಅಳತೆಪಟ್ಟಿಯಿಂದ ಕೂಡಿಸಿ, ಮಡಿಕೆಯ ಗೆರೆಯಿಂದ ಎರಡೂ ಕಡೆಯ ದೂರವನ್ನು ಅಳೆಯಲಿ, ಕೂಡುವ ಗೆರೆ ಮಡಿಕೆಯನ್ನು ಯಾವ ಕೋನದಲ್ಲಿ ದಾಟುತ್ತದೆಂದು ನೋಡಲಿ. ದೂರಗಳು ಸಮ, ಕೋನ ಲಂಬ. ಪ್ರತಿಫಲನದ, ಅಂದರೆ ಮಗುಚುವಿಕೆಯ, ನಿಯಮವೆಂದರೆ ಇಷ್ಟೇ, ಅದನ್ನು ಮಗು ಸೂಜಿಮೊನೆಯಿಂದ ಕಂಡುಕೊಂಡಿರುತ್ತದೆ.

ಗೆರೆ ನೆಟ್ಟಗಿದ್ದಾಗ ಸರಿಯಾಗಿ ಬರೆಯುವ ಮಕ್ಕಳು ಗೆರೆ ಓರೆಯಾದೊಡನೆ ಎಡವುತ್ತಾರೆ. ಗೆರೆ 45 ಡಿಗ್ರಿ ವಾಲಿದ್ದರೂ ಆಕೃತಿಯನ್ನು ಅಡ್ಡಡ್ಡಲಾಗಿಯೇ ಆಚೆ ದಾಟಿಸುತ್ತಾರೆ. ಆಗ ಕಾಗದವನ್ನೇ ತಿರುಗಿಸಿ, ಓರೆಗೆರೆ ತಮ್ಮ ಎದುರಿಗೆ ನೆಟ್ಟಗೆ ನಿಲ್ಲುವಂತೆ ಇಟ್ಟುಕೊಳ್ಳಲು ಹೇಳಿಕೊಡಿ. ಇದೊಂದು ಉಪಾಯವೇ ಹೊರತು ಮೋಸವಲ್ಲ. ಲಂಬವೆಂದರೆ ಗೆರೆಗೆ ಲಂಬ, ಕಾಗದದ ಅಂಚಿಗಲ್ಲ ಎಂಬುದೇ ಇದರೊಳಗಿನ ಪಾಠ. ಗೆರೆ ಆಕೃತಿಯ ನಡುವೆಯೇ ಹಾದುಹೋಗುವ ಒಂದು ಚಿತ್ರವನ್ನೂ ಕೊಡಲು ಮರೆಯಬೇಡಿ: ಆಗ ಎರಡೂ ಬದಿಯ ಭಾಗಗಳು ಪರಸ್ಪರ ದಾಟಬೇಕಾಗುತ್ತದೆ, ಗೆರೆಯ ಮೇಲಿರುವ ಬಿಂದುಗಳು ಮಾತ್ರ ಇದ್ದಲ್ಲೇ ಇರುತ್ತವೆ.

ಈಗ ಎತ್ತಿಟ್ಟಿದ್ದ ಎರಡು ಬಣ್ಣದ ರಟ್ಟನ್ನು ತನ್ನಿ. ನಾಲ್ಕು ಸಮ ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ ಎಷ್ಟು ಬೇರೆಬೇರೆ ಆಕೃತಿಗಳನ್ನು ಮಾಡಬಹುದು ಎಂದು ಕೇಳಿ. ಉದ್ದನೆಯ ಪಟ್ಟಿ, ಚೌಕ, ಒಂದು ತುದಿಯಲ್ಲಿ ಮಡಿದ ಪಟ್ಟಿ, ನಡುವೆ ಮೊಳಕೆಯೊಡೆದ ಪಟ್ಟಿ, ಮೆಟ್ಟಿಲಿನಂಥದ್ದು, ಹೀಗೆ 5 ಸಿಗುತ್ತವೆ. ಇಂಥ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಆಡಿ ಬಲ್ಲ ಮಗು ಕೂಡಲೇ ಅಲ್ಲ, 7 ಎನ್ನುತ್ತದೆ. ಈ ಜಗಳವನ್ನು ಬೇಗ ಬಗೆಹರಿಸಬೇಡಿ. ಆ ಆಟದಲ್ಲಿ ತುಂಡುಗಳನ್ನು ತಿರುಗಿಸಬಹುದು, ಮಗುಚಲಾಗದು. ಆದ್ದರಿಂದ ಎಡಕ್ಕೆ ಮಡಿದದ್ದೂ ಬಲಕ್ಕೆ ಮಡಿದದ್ದೂ ಬೇರೆಬೇರೆ, ಎಡಮೆಟ್ಟಿಲೂ ಬಲಮೆಟ್ಟಿಲೂ ಬೇರೆಬೇರೆ. ಮಗುಚಲು ಬಿಟ್ಟರೆ ಆ ಎರಡು ಜೋಡಿಗಳೂ ಒಂದೊಂದಾಗಿ, 7 ಇದ್ದದ್ದು 5 ಆಗುತ್ತದೆ. ಜ್ಯಾಮಿತಿಯಲ್ಲಿ ಸರ್ವಸಮತೆಗೆ ಮಗುಚುವುದೂ ಒಪ್ಪಿತವೇ ಎಂದು ಸ್ಪಷ್ಟವಾಗಿ ಹೇಳಿ. ಎರಡು ಬಣ್ಣದ ರಟ್ಟಿನಿಂದ ಮಾಡಿದ ತುಂಡುಗಳಲ್ಲಿ ಬಣ್ಣ ಬದಲಾದರೆ ಮಗುಚಿದ್ದೇವೆ, ಬದಲಾಗದಿದ್ದರೆ ಇಲ್ಲ ಎಂದು ಲೆಕ್ಕವಿಡುವುದು ಸುಲಭ. ಅಂದಹಾಗೆ, ಈ ಐದರಲ್ಲಿ ಚೌಕವನ್ನು ಬಿಟ್ಟು ಉಳಿದ ನಾಲ್ಕರ ವಿಸ್ತೀರ್ಣವೂ 4, ಸುತ್ತಳತೆಯೂ 10. ವಿಸ್ತೀರ್ಣ, ಸುತ್ತಳತೆ ಎರಡೂ ಸಮವಾದರೆ ಸರ್ವಸಮವಾಗಲೇಬೇಕಲ್ಲವೇ ಎಂದು ಕೇಳುವ ಜಾಣನಿಗೆ ಇದು ಸಿದ್ಧ ಉತ್ತರ.

ಆರಂಭದ ಆಯತದ ಪ್ರಶ್ನೆಗೆ ಮರಳಲು ಇದು ತಕ್ಕ ಸಮಯ. ಆಯತವನ್ನೂ ಗಾಳಿಪಟದ ಆಕಾರದ ಚತುರ್ಭುಜವನ್ನೂ ಕೊಟ್ಟು, ಆಯತವನ್ನು ಯಾವುದಾದರೂ ಒಂದು ಕರ್ಣದ ಮೇಲೆ, ಗಾಳಿಪಟವನ್ನು ಅದರ ಉದ್ದ ಕರ್ಣದ ಮೇಲೆ ಮಡಚಿಸಿ. ಗಾಳಿಪಟ ಹೊಂದುತ್ತದೆ, ಆಯತ ಹೊಂದುವುದಿಲ್ಲ. ಎರಡರಲ್ಲೂ ಕರ್ಣವು ಆಕೃತಿಯನ್ನು ಸರ್ವಸಮ ತ್ರಿಭುಜಗಳಾಗಿ ಸೀಳುತ್ತದೆ. ಗಾಳಿಪಟದಲ್ಲಿ ಅವುಗಳ ನಡುವಣ ನಂಟು ಮಗುಚುವಿಕೆ, ಆಯತದಲ್ಲಿ ಅರ್ಧ ಸುತ್ತು. ಮಡಿಕೆ ಮೊದಲನೆಯದನ್ನು ಮಾತ್ರ ಪರೀಕ್ಷಿಸಬಲ್ಲದು. ಸಮಾಂತರ ಚತುರ್ಭುಜಕ್ಕೆ ಸಾಮಾನ್ಯವಾಗಿ ಒಂದೂ ಸಮಮಿತಿ ರೇಖೆಯಿಲ್ಲ (ಮಡಚಿದರೆ ಎರಡೂ ಅರ್ಧಗಳು ಹೊಂದುವ ಗೆರೆ), ಆದರೂ ಅರ್ಧ ಸುತ್ತಿಗೆ ಅದು ತನ್ನ ಮೇಲೆಯೇ ಬಂದು ಕೂರುತ್ತದೆ ಎಂಬುದನ್ನು ಮಕ್ಕಳು ಇಲ್ಲಿಂದ ತಾವೇ ಕಂಡುಕೊಳ್ಳುವುದುಂಟು.

ಹೆಜ್ಜೆ 5: ಯಾವುದು ಯಾವುದರ ಮೇಲೆ ಕೂತಿತು?

ಆಕೃತಿಗಳು ಹೊಂದಿದವು ಎಂದರೆ ಸಾಲದು. ಯಾವ ಶೃಂಗ ಯಾವ ಶೃಂಗದ ಮೇಲೆ ಬಂತು ಎಂದು ಹೇಳಬೇಕು. ಒಂದು ತ್ರಿಭುಜದ ಶೃಂಗಗಳಿಗೆ ಅ, ಬ, ಕ ಎಂದೂ ಇನ್ನೊಂದರವುಗಳಿಗೆ ಪ, ತ, ಮ ಎಂದೂ ಹೆಸರಿಡಿ. ಅ ಬಂದು ತ ಮೇಲೆ, ಬ ಬಂದು ಮ ಮೇಲೆ, ಕ ಬಂದು ಪ ಮೇಲೆ ಕೂತರೆ, ತ್ರಿಭುಜ ಅಬಕ ≅ ತ್ರಿಭುಜ ತಮಪ (≅ ಎಂದರೆ ಸರ್ವಸಮ) ಎಂದು ಅದೇ ಅನುಕ್ರಮದಲ್ಲಿ ಬರೆಯಬೇಕು. ಅಕ್ಷರಗಳ ಈ ಅನುಕ್ರಮ ಶಿಸ್ತಿನ ಪ್ರಶ್ನೆಯಲ್ಲ, ಅದರಲ್ಲಿ ಮಾಹಿತಿಯಿದೆ: ಬಕ ಬಾಹುವಿಗೆ ಅನುರೂಪವಾದದ್ದು ಮಪ ಎಂದು ಚಿತ್ರ ನೋಡದೆಯೇ ಅದರಿಂದ ಓದಿಕೊಳ್ಳಬಹುದು.

ದೊಡ್ಡ ಮಕ್ಕಳಾದರೆ ಇಲ್ಲಿಂದ ನಿಬಂಧನೆಗಳಿಗೆ ಹೋಗಿ. ಪ್ರಶ್ನೆಯನ್ನು ಹೀಗೆ ಕೇಳಿ: ಎತ್ತಿ ಇಡಲಾಗದಷ್ಟು ದೂರದಲ್ಲಿ ಎರಡು ತ್ರಿಭುಜಗಳಿವೆ, ಫೋನಿನಲ್ಲಿ ಅಳತೆ ಕೇಳಬಹುದು, ಎಷ್ಟು ಅಳತೆ ಕೇಳಿದರೆ ಸಾಕು? ಕಡ್ಡಿಗಳಿಂದ ಆರಂಭಿಸಿ. ನಾಲ್ಕು ಸಮ ಕಡ್ಡಿಗಳ ತುದಿಗಳನ್ನು ಕೂಡಿಸಿದ ಚೌಕವನ್ನು ಬೆರಳಿಂದ ತಳ್ಳಿದರೆ ಅದು ವಾಲಿ ವಜ್ರಾಕೃತಿಯಾಗುತ್ತದೆ. ಬಾಹುಗಳೆಲ್ಲ ಸಮವಾಗಿದ್ದರೂ ಚತುರ್ಭುಜಗಳು ಸರ್ವಸಮವಾಗಬೇಕಿಲ್ಲ. ಮೂರು ಕಡ್ಡಿಗಳ ತ್ರಿಭುಜವನ್ನು ಎಷ್ಟು ತಳ್ಳಿದರೂ ಅದು ಜಗ್ಗುವುದಿಲ್ಲ. ಬಾ.ಬಾ.ಬಾ. (ಬಾಹು, ಬಾಹು, ಬಾಹು) ನಿಬಂಧನೆಯ ಸಾರ ಆ ಬಿಗಿತದಲ್ಲಿದೆ. ಬಾ.ಕೋ.ಬಾ. (ಬಾಹು, ಕೋನ, ಬಾಹು) ಮತ್ತು ಕೋ.ಬಾ.ಕೋ. (ಕೋನ, ಬಾಹು, ಕೋನ) ನಿಬಂಧನೆಗಳನ್ನು ಪ್ರತಿಯೊಬ್ಬರಿಗೂ ಒಂದೇ ಅಳತೆ ಕೊಟ್ಟು, ರಚಿಸಿ ಕತ್ತರಿಸಿ ಒಬ್ಬರದರ ಮೇಲೆ ಇನ್ನೊಬ್ಬರದನ್ನು ಇಡಿಸಿ ಪರೀಕ್ಷಿಸಿದರೆ ಸಾಕು.

ಸೋಲುವ ನಿಬಂಧನೆಗೆ ಮಾತ್ರ ಅದರ ಪಾಲಿನ ಸಮಯ ಕೊಡಲೇಬೇಕು. ಅ ಶೃಂಗದಲ್ಲಿ 30 ಡಿಗ್ರಿ ಕೋನ, ಅಬ 6 ಸೆಂಟಿಮೀಟರ್, ಬಕ 4 ಸೆಂಟಿಮೀಟರ್ ಇರುವ ತ್ರಿಭುಜವನ್ನು ರಚಿಸಲು ಹೇಳಿ. ಬ ಬಿಂದುವಿನಲ್ಲಿ ಕೈವಾರದ ಮೊನೆಯಿಟ್ಟು 4 ಸೆಂಟಿಮೀಟರ್ ಕಂಸವನ್ನು ಎಳೆದರೆ ಅದು ಅ ಕೋನದ ಇನ್ನೊಂದು ಗೆರೆಯನ್ನು ಎರಡು ಕಡೆ ಕತ್ತರಿಸುತ್ತದೆ. ಬ ಬಿಂದುವಿನಿಂದ ಆ ಗೆರೆಗೆ ಲಂಬದೂರ 3 ಸೆಂಟಿಮೀಟರ್ ಮಾತ್ರ ಆಗಿರುವುದರಿಂದ 4 ಸೆಂಟಿಮೀಟರಿನ ಬಾಹುವಿಗೆ ನಿಲ್ಲಲು ಎರಡು ಜಾಗಗಳಿವೆ. ತರಗತಿಯಲ್ಲಿ ಒಂದಷ್ಟು ಮಂದಿ ಅಗಲ ತ್ರಿಭುಜವನ್ನೂ ಉಳಿದವರು ಕಿರಿದಾದ ತ್ರಿಭುಜವನ್ನೂ ಕತ್ತರಿಸಿ ತಂದು, ತಮ್ಮದೇ ಸರಿ ಎಂದು ಸಾಧಿಸತೊಡಗುತ್ತಾರೆ. ಇಬ್ಬರೂ ಸರಿ. ಕೋನ ಎರಡು ಬಾಹುಗಳ ನಡುವೆಯೇ ಇರಬೇಕು ಎಂಬ ಷರತ್ತನ್ನು ಇದಾದ ಮೇಲೆ ಯಾರೂ ಮರೆಯುವುದಿಲ್ಲ.

ಹೆಜ್ಜೆ 6: ಚಲನೆಗಳನ್ನು ಪೋಣಿಸುವುದು

ಒಂದು ಕಾಗದದ ಮೇಲೆ ಒಂದೇ ಆಕೃತಿಯನ್ನು ಎರಡು ಕಡೆ, ಎರಡು ಬಗೆಯಲ್ಲಿ ಬರೆದು, ಮೊದಲನೆಯದನ್ನು ಎರಡನೆಯದರ ಮೇಲೆ ಕೂರಿಸಲು ಬೇಕಾದ ಸೂಚನೆಗಳನ್ನು ಮಗು ಬರೆಯಲಿ. ಇನ್ನೊಂದು ಮಗು ಆ ಸೂಚನೆಗಳನ್ನು ಮಾತ್ರ ಓದಿ, ತುಂಡನ್ನು ನಡೆಸಲಿ. ‘ಸ್ವಲ್ಪ ತಿರುಗಿಸಿ ಆ ಕಡೆ ತಳ್ಳು’ ಎಂಬಂಥ ಸೂಚನೆ ಎಲ್ಲಿಗೂ ತಲುಪಿಸುವುದಿಲ್ಲವೆಂಬುದು ಎರಡೇ ಸುತ್ತಿನಲ್ಲಿ ತಿಳಿಯುತ್ತದೆ, ಕೇಂದ್ರ, ಕೋನ, ದಿಕ್ಕು, ದೂರಗಳನ್ನು ಹೇಳುವ ಅಗತ್ಯ ಒಳಗಿನಿಂದಲೇ ಹುಟ್ಟುತ್ತದೆ. ಒಂದೇ ಗುರಿಗೆ ಹಲವು ದಾರಿಗಳಿರುವುದೂ ಆಗಲೇ ಕಾಣುತ್ತದೆ.

ಎರಡು ಮಗುಚುವಿಕೆಗಳನ್ನು ಒಂದಾದ ಮೇಲೊಂದು ಮಾಡಿಸುವುದು ನನಗೆ ಬಹಳ ಪ್ರಿಯವಾದ ಪ್ರಯೋಗ. 3 ಸೆಂಟಿಮೀಟರ್ ಅಂತರದ ಎರಡು ಸಮಾಂತರ ಗೆರೆಗಳಲ್ಲಿ ಆಕೃತಿಯನ್ನು ಒಂದಾದ ಮೇಲೊಂದರಂತೆ ಮಗುಚಿದರೆ, ಕೊನೆಗೆ ಅದು ಮಗುಚಿದಂತೆಯೇ ಕಾಣುವುದಿಲ್ಲ. 6 ಸೆಂಟಿಮೀಟರ್ ಜರುಗಿ ನಿಂತಿರುತ್ತದೆ. ಗೆರೆಗಳು 45 ಡಿಗ್ರಿಯಲ್ಲಿ ಪರಸ್ಪರ ದಾಟಿದರೆ ಫಲ 90 ಡಿಗ್ರಿಯ ತಿರುವು. ಎರಡು ಸಲವೂ ದ್ವಿಗುಣವಾಗುವುದೇಕೆ ಎಂದು ಕೇಳಿ, ಉತ್ತರಕ್ಕೆ ಒಂದು ವಾರ ಬಿಡಿ. ಎರಡು ಬಣ್ಣದ ರಟ್ಟನ್ನು ಬಳಸಿದವರಿಗೆ ಒಂದು ಸುಳಿವು ಮೊದಲೇ ಸಿಕ್ಕಿರುತ್ತದೆ: ಎರಡು ಸಲ ಮಗುಚಿದರೆ ಮೊದಲ ಬಣ್ಣವೇ ಮೇಲಿರುತ್ತದೆ.

ನಿರ್ದೇಶಾಂಕ ಬಲ್ಲವರು ಇದನ್ನೆಲ್ಲ ಸಂಖ್ಯೆಗಳಲ್ಲಿ ಬರೆಯಬಹುದು. (3, 2) ಬಿಂದುವನ್ನು ಬಲಕ್ಕೆ 4, ಕೆಳಕ್ಕೆ 1 ಜರುಗಿಸಿದರೆ (7, 1); ಲಂಬ ಅಕ್ಷದಲ್ಲಿ ಪ್ರತಿಫಲಿಸಿದರೆ (-3, 2); ಮೂಲಬಿಂದುವಿನ ಸುತ್ತ ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿದರೆ (-2, 3). ಸೂತ್ರಗಳನ್ನು ಬಾಯಿಪಾಠ ಮಾಡಿಸುವ ಬದಲು, ಪಿನ್ನು ಮತ್ತು ಅಚ್ಚುಕಾಗದದಿಂದ ನಾಲ್ಕೈದು ಬಿಂದುಗಳನ್ನು ತಿರುಗಿಸಿ ಪಟ್ಟಿ ಮಾಡಿಸಿದರೆ ನಿಯಮ ತಾನೇ ಹೊರಬೀಳುತ್ತದೆ.

ಕಲಿತದ್ದನ್ನು ನೋಡಿಕೊಳ್ಳಲು ಒಂದು ಒಗಟು

ಖಾಲಿ ಜಾಗ ತುಂಬುವ ಪ್ರಶ್ನೆಗಳಿಂದ ಈ ಪಾಠ ತಲೆಗೆ ಹೋಗಿದೆಯೇ ಎಂದು ತಿಳಿಯುವುದಿಲ್ಲ. ಬದಲಿಗೆ 4 ಸಾಲು, 4 ಕಂಬಸಾಲುಗಳ 16 ಚೌಕಗಳ ಹಾಳೆಯೊಂದನ್ನು ಕೊಟ್ಟು, ಗೆರೆಗಳ ಮೇಲೆಯೇ ಕತ್ತರಿಸಿ ಅದನ್ನು ಎರಡು ಸರ್ವಸಮ ತುಂಡುಗಳಾಗಿ ಮಾಡಲು ಎಷ್ಟು ದಾರಿಗಳಿವೆ ಎಂದು ಕೇಳಿ. ತಿರುಗಿಸಿದಾಗ ಅಥವಾ ಮಗುಚಿದಾಗ ಒಂದೇ ಆಗುವ ದಾರಿಗಳನ್ನು ಒಂದೆಂದು ಎಣಿಸಿದರೆ ಒಟ್ಟು 6 ಇವೆ.

ಎಷ್ಟು ಸಿಕ್ಕಿತು ಎನ್ನುವುದಕ್ಕಿಂತ ಮಗು ಹೇಗೆ ಹುಡುಕುತ್ತದೆ ಎಂಬುದನ್ನು ಗಮನಿಸಿ. ಮೊದಲು ಎಲ್ಲರೂ ನಟ್ಟನಡುವೆ ನೇರವಾಗಿ ಕತ್ತರಿಸುತ್ತಾರೆ. ಆ ತುಂಡುಗಳನ್ನು ಜರುಗಿಸಿಯೂ, ತಿರುಗಿಸಿಯೂ, ಮಗುಚಿಯೂ ಒಂದರ ಮೇಲೊಂದು ತರಬಹುದೆಂದು ತೋರಿಸಿದವರು ಹೆಜ್ಜೆಗಳನ್ನು ಅರಗಿಸಿಕೊಂಡಿದ್ದಾರೆ. ಎರಡನೆಯ ಮೂರನೆಯ ದಾರಿಗಳನ್ನು ಸುಮ್ಮನೆ ಕತ್ತರಿಸಿ ಕತ್ತರಿಸಿ ಹುಡುಕುವವರು ಕಾಗದ ಬಹಳ ಕೇಳುತ್ತಾರೆ, ಕೊಡಿ. ಒಂದು ಹಂತದಲ್ಲಿ ಯಾರಾದರೊಬ್ಬರು ಕತ್ತರಿಯನ್ನು ಕೆಳಗಿಟ್ಟು, ಪೆನ್ಸಿಲಿನಿಂದ ಹಾಳೆಯ ನಡುಬಿಂದುವನ್ನು ಗುರುತಿಸಿ, ಅಲ್ಲಿಂದ ಒಂದು ಅಂಚಿಗೆ ಬೇಕಾದಂತೆ ಅಂಕುಡೊಂಕಾಗಿ ಗೆರೆ ಎಳೆದು, ಉಳಿದರ್ಧವನ್ನು ಹಾಳೆ ತಲೆಕೆಳಗು ಮಾಡಿ ಎಳೆಯುತ್ತಾರೆ. ಅಂಥವರಿಗೆ 36 ಚೌಕಗಳ ಹಾಳೆಯನ್ನು ಕೊಡಬಹುದು.